ಗೋಡೆಯ ತಳದ ಎರಡು ಬೆರಳು ಜಾಗ

ಹುಮನಾಬಾದಿನ ಅಬ್ದುಲ್ ರಜಾಕ್ ಹೊಸ ಮನೆಗಳ ಹೊರಗೋಡೆಗೆ ಶೀಟು ಹೊಡೆಯುವವನು. ಜಡಿಮಳೆ ಬಡಿಯುವ ಪಡುವಣ ಗೋಡೆಗೆ ಮೊದಲು ಥರ್ಮಾಕೋಲ್, ಅದರ ಮೇಲೆ ತಗಡು. ಐವತ್ತು ದಾಟಿದ ಮೇಲೆ ಏಣಿ ಬೇಜಾರಾಗಿದೆ, ಮೊಣಕಾಲು ಮಾತು ಕೇಳುವುದಿಲ್ಲ. ಅದಕ್ಕಿಂತ ಬೇಜಾರು, ಮಾಡಿದ ಕೆಲಸವನ್ನು ಜನ ಕೆಡಿಸುವುದು. ಸಂದು ಕಂಡರೆ ಸಾಕು, ಮೆತ್ತುವ ತನಕ ಅವರ ಕೈ ಸುಮ್ಮನಿರದು.

ಬಸವಕಲ್ಯಾಣದ ಬಕ್ಕಪ್ಪನ ಮನೆಗೆ ಅವನು ಬಂದದ್ದು ಇದು ಮೂರನೆಯ ಸಲ. ಬಕ್ಕಪ್ಪನ ಹೆಂಡತಿ ದ್ರೌಪತಿಗೆ ಉಬ್ಬಸ. ಹಳೆ ಮನೆಯ ತೇವಕ್ಕೆ ಮಳೆಗಾಲವಿಡೀ ಕೂತೇ ನಿದ್ದೆ ಮಾಡುತ್ತಿದ್ದಳು. ಅವಳ ಉಸಿರಿಗೆಂದೇ ಕಟ್ಟಿಸಿದ್ದು ಕೆಂಪುಕಲ್ಲಿನ ಈ ಮನೆ. ಶೀಟಿನ ಹಿಂದೆ ಸೇರಿದ ನೀರು ಇಳಿದುಹೋಗಲೆಂದು ರಜಾಕ್ ತಳದಲ್ಲಿ ಎರಡು ಬೆರಳು ಜಾಗ ಬಿಟ್ಟಿದ್ದ. ಅದನ್ನು ಸಿಮೆಂಟಿನಿಂದ ಮೆತ್ತಿದ್ದರು. ಬಂದು ಒಡೆದು, ಬೈದು ಹೋಗಿದ್ದ. ಮತ್ತೆ ಮೆತ್ತಿದ್ದರು. ಈಗ ನೀರು ಇಳಿಯದೆ ಒಳಗೋಡೆ ಮೊಣಕಾಲೆತ್ತರ ತೇವಕ್ಕೆ ಕಪ್ಪಾಗಿತ್ತು. ದ್ರೌಪತಿಯ ಎದೆ ಸುಂಯ್‌ಗುಡುವುದು ಅಂಗಳಕ್ಕೂ ಕೇಳುತ್ತಿತ್ತು.

ರಜಾಕ್ ಉಳಿ ಕೆಳಗಿಟ್ಟು ಕುಕ್ಕರುಗಾಲಲ್ಲಿ ಕೂತ. ಬೈಯುವುದಕ್ಕೂ ದಣಿವು.

"ಬಕ್ಕಪ್ಪಾ, ಎಷ್ಟ ಸಲ ಹೇಳ್ಬೇಕ್ರಿ? ಹೆಂಡ್ತಿ ಉಸುರು ನೀವ ಕಟ್ಟಸಾಕತ್ತೀರಿ."

ಬಕ್ಕಪ್ಪ ತಲೆ ತಗ್ಗಿಸಿದ. ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ದ್ರೌಪತಿ ಬಾಗಿಲಿಗೆ ಬಂದಳು.

"ಅವ್ರಿಗಿ ಅನಬ್ಯಾಡ್ರಿ ಸಾಬ್ರ. ಮೆತ್ತಿದಾಕಿ ನಾನು. ಆ ಸಂದಿನಾಗ ಚೇಳು ಹೋಗೂದು ಕಣ್ಣಾರೆ ನೋಡೀನಿ. ಕೂಸು ಈಗ ಅಂಬೆಗಾಲ ಹಾಕಾಕತ್ತದ."

"ಮತ್ತ ನಿಮ್ಮ ಉಸುರು, ಅಕ್ಕಾ?"

"ನಂದು ಹ್ಯಾಂಗರ ನಡೀತದ."

ರಜಾಕ್ ಹೋದ ಸಲ ಬಂದು ಕೂಗಾಡಿದ್ದ, ಯಾಕೆ ಮೆತ್ತಿದಿರಿ ಎಂದು ಒಮ್ಮೆಯೂ ಕೇಳಿರಲಿಲ್ಲ. ಎದ್ದು ಪೇಟೆಗೆ ಹೋಗಿ ಸಣ್ಣ ಕಣ್ಣಿನ ತಂತಿಬಲೆಯ ಜಾಳಿ ತಂದ. ಸಿಮೆಂಟು ಒಡೆದು, ನೆಲದ ಮೇಲೆ ಅಡ್ಡ ಮಲಗಿ, ಸಂದಿನ ಉದ್ದಕ್ಕೂ ಜಾಳಿ ಬಡಿದ. ಮುಗಿಯುವ ಹೊತ್ತಿಗೆ ಸೊಂಟ ನೆಟ್ಟಗಾಗಲು ಗೋಡೆ ಹಿಡಿಯಬೇಕಾಯಿತು.

"ನೀರು ಹೊರಗ ಬರ್ತದ, ಚೇಳು ಒಳಗ ಹೋಗಂಗಿಲ್ಲ. ನೋಡ್ರಿ."

ದ್ರೌಪತಿ ಏದುಸಿರು ಬಿಡುತ್ತ ನೆಲಕ್ಕೆ ಕೂತಳು. ಮೊಮ್ಮಗಳ ಕಿರುಬೆರಳು ಹಿಡಿದು ಜಾಳಿಯ ಕಣ್ಣಿಗೆ ಒತ್ತಿದಳು. ಸ್ವಲ್ಪ ಸರಿದು ಮತ್ತೊಂದು ಕಡೆ ಒತ್ತಿದಳು. ಹಾಗೇ ಗೋಡೆಯ ಕೊನೆಯತನಕ ಸರಿದಳು. ಬೆರಳು ಎಲ್ಲೂ ತೂರಲಿಲ್ಲ.

"ಹಂಗಾರ ಸಂದು ಇರಲಿ ಬಿಡ್ರಿ," ಎಂದು ಕೂಸನ್ನು ನೆಲಕ್ಕೆ ಬಿಟ್ಟಳು.