ತಂತಿ ಸುಡಬೇಡಿ ಎಂದವರು

ಕಾಕಾ ಅವರ ಬೆರಳ ತುದಿಗಳು ನುಣುಪಾಗಿದ್ದವು. ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೆಸುಗೆ ಹಾಕಿ ಹಾಕಿ, ಸುಟ್ಟು, ಗೆರೆಗಳೇ ಅಳಿಸಿಹೋಗಿದ್ದವು. ನಾನು ಮೈಸೂರಿನಿಂದ ಹೈದರಾಬಾದಿಗೆ ಸಾಫ್ಟ್‌ವೇರ್ ಕೆಲಸಕ್ಕೆ ಬಂದು, ಕುಷಾಯಿಗೂಡದ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಬೀದರಿನ ಕಡೆಯವರು. "ಏನವಾ, ಊಟ ಆತೇನು?" ಎಂದು ಕೇಳದೆ ನನ್ನನ್ನು ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ.

ಆ ವರ್ಷಗಳಲ್ಲಿ ಕಂಪನಿಗಳು ಹಳೆಯ ಕಂಪ್ಯೂಟರುಗಳನ್ನು ರಾಶಿರಾಶಿಯಾಗಿ ಹೊರಗೆ ಹಾಕುತ್ತಿದ್ದವು. ಯಾದಗಿರಿ ಕಡೆಯಿಂದ ಬಂದಿದ್ದ ಕೂಲಿ ಹೆಂಗಸರು ಕೊಳಚೆ ನಾಲಾದ ಬದಿ ಅವುಗಳ ತಂತಿ ಸುಟ್ಟು, ತಾಮ್ರ ತೆಗೆದು ಮಾರುತ್ತಿದ್ದರು. ಎಲ್ಲರಿಗೂ ಕೆಮ್ಮು. ನಿವೃತ್ತರಾಗಿದ್ದ ಕಾಕಾ ಆ ಹೆಂಗಸರಲ್ಲಿ ಏಳು ಜನರನ್ನು ಕೂಡಿಸಿ ಸಂಘ ಕಟ್ಟಿದರು. ಸುಡದೆ ಬಿಚ್ಚುವುದನ್ನು, ರಿಪೇರಿ ಮಾಡಿ ಶಾಲೆಗಳಿಗೆ ಮಾರುವುದನ್ನು ಕಲಿಸಿದರು. ಮೊದಲ ಯಂತ್ರಗಳನ್ನು ನಮ್ಮ ಆಫೀಸಿನಿಂದ ನಾನೇ ಕೇಳಿ ಕೊಡಿಸಿದೆ. ವಾರ್ಡ್ ಆಫೀಸಿನವರು ಪಾಳುಬಿದ್ದ ಪಂಪ್‌ಹೌಸ್ ಕೊಟ್ಟು, ರಿಬ್ಬನ್ ಕತ್ತರಿಸಿ ಫೋಟೋ ತೆಗೆಸಿಕೊಂಡರು. ಮೊದಲ ಸಲ ರಿಪೇರಿಯಾದ ಕಂಪ್ಯೂಟರಿನ ಪರದೆ ಬೆಳಗಿದಾಗ ಹೆಂಗಸರಲ್ಲಿ ಹಿರಿಯಳಾದವಳು ಬೆಚ್ಚಿ ಹಿಂದಕ್ಕೆ ಹಾರಿದಳು. ಕಾಕಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಎರಡು ವರ್ಷ ನಡೆಯಿತು. ಆಮೇಲೆ ಪಾಲಿಕೆಯವರು ಇಂಥ ಕಸವನ್ನೆಲ್ಲ ಒಬ್ಬನೇ ಗುತ್ತಿಗೆದಾರನಿಗೆ ವಹಿಸಿದರು. ಪಂಪ್‌ಹೌಸಿಗೆ ಬೀಗ ಬಿತ್ತು. ಕಾಕಾ ದಿನಾ ಬೆಳಿಗ್ಗೆ ಇಸ್ತ್ರಿಯ ಅಂಗಿ ತೊಟ್ಟು ವಾರ್ಡ್ ಆಫೀಸಿನ ಬೆಂಚಿನ ಮೇಲೆ ಹೋಗಿ ಕೂರುತ್ತಿದ್ದರು. "ರೂಲ್ಸ್ ಮಾರಿಪೋಯಾಯಿ ಸಾರ್" ಎನ್ನುತ್ತಿದ್ದರು ಅಧಿಕಾರಿ. ನಿಯಮ ಬದಲಾಗಿದೆಯಂತೆ. ಹಿಂತಿರುಗಿ ಬಂದು ಕಾಕಾ ಹೆಂಗಸರಿಗೆ, "ಇನ್ನೊಂದ್ ವಾರ ತಡೀರಿ, ಸುಡಬ್ಯಾಡ್ರಿ" ಎನ್ನುತ್ತಿದ್ದರು.

ಅದೇ ಹೊತ್ತಿಗೆ, ನಮ್ಮ ಹಳೆಯ ಯಂತ್ರಗಳನ್ನೆಲ್ಲ ಆ ಗುತ್ತಿಗೆದಾರನಿಗೇ ಕೊಡುತ್ತೇವೆಂಬ ಪತ್ರವನ್ನು ಮ್ಯಾನೇಜರ್ ನನ್ನಿಂದ ಬರೆಸಿದರು. ಬರೆದೆ. ಕಾಕಾಗೆ ಹೇಳಲಿಲ್ಲ.

ಮಳೆಗಾಲ ಮುಗಿದ ಮೇಲೊಂದು ಭಾನುವಾರ ಅವರ ಜೊತೆ ನಾಲಾದ ಕಡೆ ಹೋದೆ. ಕಪ್ಪು ಹೊಗೆ ಏಳುತ್ತಿತ್ತು. ಏಳೂ ಜನ ಅಲ್ಲೇ ಇದ್ದರು. ಗುತ್ತಿಗೆದಾರನ ಲಾರಿಯೇ ತಂತಿ ಸುರಿದು ಹೋಗಿತ್ತು.

"ಹೇಳಿದ್ನಲ್ಲವಾ, ತಡೀರಿ ಅಂತ" ಎಂದರು ಕಾಕಾ.

ಹಿರಿಯಳು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕೇಳಿದಳು: "ನೀವ್ ಹೇಳಿದ ವಾರ ಯಾವಾಗ ಬರ್ತೈತ್ರಿ ಕಾಕಾ?"

ಕಾಕಾ ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟರು. ಮರುದಿನದಿಂದ ವಾರ್ಡ್ ಆಫೀಸಿಗೆ ಹೋಗಲಿಲ್ಲ. ಮೆಟ್ಟಿಲ ಬಳಿ "ಊಟ ಆತೇನು?" ಎಂದು ಕೇಳುವುದನ್ನೂ ಬಿಟ್ಟರು. ಬೇಸಿಗೆ ಬರುವಷ್ಟರಲ್ಲಿ ತೀರಿಕೊಂಡರು.

ಅಂದು ಹೆಂಗಸರೂ ಬಂದಿದ್ದರು. ಹಿರಿಯಳು ನನ್ನ ಕೈ ಹಿಡಿದು, "ಅಕ್ಕಾರ, ನಿಮ್ಮ ಆಫೀಸಿನಾಗ ಮತ್ತ ಮಷಿನ್ ಕೊಡ್ತಾರೇನ್ರಿ? ಕಾಕಾ ಕಲಿಸಿದ್ದು ಇನ್ನೂ ಮರ್ತಿಲ್ರಿ ನಾವು" ಎಂದಳು.

"ಕೇಳಿ ಹೇಳ್ತೀನಿ" ಎಂದೆ. ತಿಂಗಳೊಳಗೆ ನಗರದ ಇನ್ನೊಂದು ತುದಿಯ ಮಿಯಾಪುರಕ್ಕೆ ಮನೆ ಬದಲಿಸಿದೆ. ಆಫೀಸಿನಲ್ಲಿ ಯಾರನ್ನೂ ಕೇಳಲಿಲ್ಲ.