ಎಣ್ಣೆ ಹಚ್ಚದ ತಲೆ

ಕಳೆದ ವಾರ ರಾಯದುರ್ಗದ ಬಸ್ಸಿನಲ್ಲಿ ಪಕ್ಕ ಕೂತ ಮುದುಕಿಯ ತಲೆಯಿಂದ ಹರಳೆಣ್ಣೆಯ ವಾಸನೆ ಬಂತು. ಎದ್ದು ಬೇರೆ ಸೀಟಿಗೆ ಹೋದೆ. ಎದುರುಮನೆ ಅತ್ತೆ ತೀರಿಕೊಂಡು ಎರಡು ವರ್ಷವಾಯಿತು, ಆಕೆಯ ಮೇಲಿನ ನನ್ನ ಸಿಟ್ಟು ಮಾತ್ರ ಹಾಗೇ ಇದೆ...

ರಕ್ತಸಂಬಂಧವೇನಿಲ್ಲ, ಬಾಯಿತುಂಬ ಅತ್ತೆ ಅನ್ನುತ್ತಿದ್ದೆವು. ಶನಿವಾರ ಸಂಜೆ ನನಗೂ ತಂಗಿಗೂ ಬೆಚ್ಚಗಿನ ಹರಳೆಣ್ಣೆ ಹಚ್ಚಿ ಜಡೆ ಹಾಕುವುದು ಆಕೆಯದೇ ಕೆಲಸ. ಕೈ ಒಳ್ಳೆಯದು. ನಾಲಿಗೆಯೇ ಕೆಟ್ಟದ್ದು.

ತಂಗಿ ಹತ್ತನೇ ಕ್ಲಾಸಿನಲ್ಲಿದ್ದಾಗ ಅವಳಿಗೆ ಭಯ ಶುರುವಾಯಿತು. ಕೂತಲ್ಲೇ ಎದೆ ಡವಡವ, ಉಸಿರು ಸಿಗದು. ಶಾಲೆ ಬಿಟ್ಟಳು. ಬಳ್ಳಾರಿಯ ಡಾಕ್ಟರು ಮಾತ್ರೆಯ ಜೊತೆಗೆ ನ್ಯೂರೋಫೀಡ್‌ಬ್ಯಾಕ್ ಮಾಡೋಣ ಅಂದರು. ನೆತ್ತಿಗೆ ಅಂಟು ಹಚ್ಚಿ ವೈರು ಕೂರಿಸುತ್ತಾರೆ. ಮನಸ್ಸು ಶಾಂತವಾದರೆ ಪರದೆಯ ಮೇಲೆ ದೋಣಿ ಸಾಗುತ್ತದೆ, ಗಾಬರಿಯಾದರೆ ನಿಲ್ಲುತ್ತದೆ. ವೈರು ತಲೆಯೊಳಗೆ ಏನನ್ನೂ ಬಿಡುವುದಿಲ್ಲ, ಮೆದುಳನ್ನು ಬರೀ ಓದುತ್ತದೆ. ಪೂರಾ ಗುಣವಾಗುತ್ತದೆಂದು ಡಾಕ್ಟರೂ ಹೇಳಿರಲಿಲ್ಲ. ಆದರೆ ತಂಗಿ "ಇವತ್ತು ದೋಣಿ ದಡ ಮುಟ್ತು" ಎಂದು ನಗುತ್ತಾ ಬರುತ್ತಿದ್ದಳು, ಮತ್ತೆ ಶಾಲೆಗೆ ಹೋಗತೊಡಗಿದ್ದಳು.

ಎಣ್ಣೆಯಿದ್ದರೆ ವೈರು ಸರಿಯಾಗಿ ಹಿಡಿಯುವುದಿಲ್ಲ. ಅದುವರೆಗೆ ವಾರದ ನಡುವೆ ತಲೆ ತೊಳೆದು ಹೋಗುತ್ತಿದ್ದಳು, ಒಮ್ಮೆ ಮಾತ್ರ ಭಾನುವಾರ ಬಾ ಅಂದರು. ಆ ಶನಿವಾರ ಅವ್ವ ಎಣ್ಣೆ ಬೇಡ ಅಂದಳು.

"ಯಾಕ? ಹೆಣ್ಣುಡುಗಿ ತಲಿ ಒಣಗಸ್ತೀರೇನು?" ಎಂದಳು ಅತ್ತೆ.

"ನಾಳೆ ಬಳ್ಳಾರ್ಯಾಗ ತಲಿಗೆ ವೈರ್ ಹಚ್ತಾರ್ರಿ ಅಕ್ಕ" ಎಂದಳು ಅವ್ವ.

ಅಷ್ಟೇ ಸಾಕಾಯಿತು. ಹುಡುಗಿಗೆ ಕರೆಂಟ್ ಕೊಡಿಸುತ್ತಾರೆಂದು ಕನ್ನಡದಲ್ಲೊಮ್ಮೆ, ಪಿಚ್ಚಿ, ಅಂದರೆ ಹುಚ್ಚು, ಹಿಡಿದಿದೆಯೆಂದು ತೆಲುಗಿನಲ್ಲೊಮ್ಮೆ, ಎರಡೂ ಮಾತಾಡುವ ನಮ್ಮ ಓಣಿಗೆಲ್ಲ ಹಂಚಿದಳು. ಶಾಲೆಯಲ್ಲಿ ಹುಡುಗಿಯರು ತಂಗಿಯನ್ನು ಮುಟ್ಟಿ, ಶಾಕ್ ಹೊಡೆಯಿತೆಂದು ಕೈ ಕೊಡವಿ ನಕ್ಕರು. ಅವಳು ಬಳ್ಳಾರಿಗೆ ಹೋಗುವುದು ಬಿಟ್ಟಳು, ಶಾಲೆ ಬಿಟ್ಟಳು, ಕೊನೆಗೆ ಬಾಗಿಲ ಆಚೆಗೆ ಬರುವುದನ್ನೂ...

ಲಕ್ವಾ ಹೊಡೆದು ಹಾಸಿಗೆ ಹಿಡಿದಾಗ ಅತ್ತೆ ತಂಗಿಯನ್ನು ನೋಡಬೇಕೆಂದು ಹೇಳಿಕಳಿಸಿದಳು. ನಾನೇ ಹೋದೆ.

"ಅಕಿ ಹೊರಗ ಬರಂಗಿಲ್ಲ ಅತ್ತಿ. ನೀವ ಕೂಡ್ಸೀರಿ ಒಳಗ."

ಆಕೆ ಗೋಡೆಯ ಕಡೆ ಮುಖ ತಿರುಗಿಸಿದಳು. ಸುಳ್ಳು ಯಾಕೆ ಹೇಳಲಿ, ಹಾಯೆನಿಸಿತು. ಎಷ್ಟೋ ವರ್ಷಗಳಿಂದ ಆ ಮುಖ ಹಾಗೆ ತಿರುಗುವುದನ್ನು ನೋಡಲೆಂದೇ ಕಾದಿದ್ದೆ.

ಆಕೆ ತೀರಿಕೊಂಡ ದಿನ ತಂಗಿ ಯಾರಿಗೂ ಹೇಳದೆ ಹೊಸ್ತಿಲು ದಾಟಿ, ಓಣಿ ದಾಟಿ ಹೋಗಿ ಹೆಣದ ಪಕ್ಕ ಕೂತು ಅತ್ತಳು. ನಾವು ಕೈಮುಗಿದು ಕರೆದರೂ ಬಾರದವಳು. ಮಣ್ಣು ಮುಗಿಸಿ ಬಂದಮೇಲೆ ಮತ್ತೆ ಬಾಗಿಲು ಹಾಕಿಕೊಂಡಳು. ಈಗಲೂ ಒಳಗೇ ಇದ್ದಾಳೆ. ಅತ್ತೆಯನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ತಂಗಿ ಯಾರಿಗಾಗಿ ಹೊರಗೆ ಬಂದಾಳೋ, ಅಂಥವರು ಇನ್ನು ಯಾರೂ ಉಳಿದಿಲ್ಲ.