ಗಿಡ್ಡಮ್ಮನ ಸಂಜೆ ಜ್ವರ

ಗಿಡ್ಡಮ್ಮನಿಗೆ ಜ್ವರ ಬರುತ್ತಿದ್ದದ್ದು ಸಂಜೆ. ಮೇಕೆಗಳನ್ನು ಕೊಟ್ಟಿಗೆಗೆ ಹೊಡೆದು, ಕೈಕಾಲು ತೊಳೆಯುವಷ್ಟರಲ್ಲಿ ಮೈ ಕಾದುಬಿಡುತ್ತಿತ್ತು. ಕೀಲುಕೀಲೂ ನೋವು. ಬೆಳಗ್ಗೆ ಎದ್ದರೆ ಬೆವರಿಗೆ ಸೀರೆ ತೊಯ್ದಿರುತ್ತಿತ್ತು, ಮೈ ಮಾತ್ರ ತಣ್ಣಗೆ. ಬಿಳಿಚೋಡಿನಿಂದ ನಾವು ಜಗಳೂರಿಗೆ ಹೋಗುವ ಬಸ್ಸೂ ಬೆಳಗಿನದೇ. ಹಾಗಾಗಿ ಡಾಕ್ಟರು ಯಾವಾಗ ನೋಡಿದರೂ ಅವಳಿಗೆ ಜ್ವರ ಇರುತ್ತಿರಲಿಲ್ಲ.

ಐದು ತಿಂಗಳು ಹೀಗೇ ಹೋಯಿತು. ಟೈಫಾಯ್ಡ್ ಇರಬಹುದೆಂದು ಒಮ್ಮೆ ಮಾತ್ರೆ ಕೊಟ್ಟರು. ವಯಸ್ಸಾಯಿತು ಎಂದು ಇನ್ನೊಮ್ಮೆ ಟಾನಿಕ್ ಕೊಟ್ಟರು.

ನಮ್ಮ ಮನೆಗೂ ಅವಳಿರುವ ಮನೆಗೂ ಒಂದೇ ಗೋಡೆ. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ತೀರಿಕೊಂಡ. ತಮ್ಮ ನಿಂಗರಾಜನ ಮನೆಗೆ ಬಂದವಳು ಮೂವತ್ತೈದು ವರ್ಷ ಅಲ್ಲೇ ಮೇಕೆ ಕಾಯ್ದಳು. ಹಗಲೆಲ್ಲ ಮೇಕೆಗಳನ್ನು ಬೈಯುವುದೇ ಅವಳ ಮಾತು. ಮನುಷ್ಯರ ಜೊತೆ ಮಾತೆಂದರೆ ಸಂಜೆ ಊಟಕ್ಕೆ ಕೂತಾಗ. ಕರಿ ಮೇಕೆ ಯಾರ ಬೇಲಿ ಹಾರಿತು, ಯಾರು ದೊಣ್ಣೆ ಹಿಡಿದು ಬಂದರು ಎಂದು ಹೇಳುತ್ತಿದ್ದರೆ ನಿಂಗರಾಜನ ಮಗಳು ಬಾಯಲ್ಲಿದ್ದ ಮುದ್ದೆ ನುಂಗಲೂ ಆಗದೆ ನಗುತ್ತಿದ್ದಳು. ಗೋಡೆಯ ಈಚೆ ಕೂತ ನನಗೂ ಕೇಳುತ್ತಿತ್ತು. ಜ್ವರ ಬಂದ ಮೇಲೆ ಆ ದನಿ ನಿಂತಿತು.

ನಿಂಗರಾಜನ ಹೆಂಡತಿ ಅರುಣಾ ಕೆಟ್ಟವಳಲ್ಲ. ಅವಳೂ ದಿನವೆಲ್ಲ ಮೆಕ್ಕೆಜೋಳದ ಹೊಲದಲ್ಲಿ ಬಗ್ಗಿ ಬಂದವಳು. ದಣಿದಾಗ ನಾಲಗೆ ಹರಿತವಾಗುತ್ತಿತ್ತು.

"ಅಕ್ಕನ ಜ್ವರಕ್ಕೆ ಗಡಿಯಾರ ಐತೆ ನೋಡ್ರಿ. ಪಾತ್ರೆ ತೊಳೆಯೋ ಹೊತ್ತಿಗೆ ಸರಿಯಾಗಿ ಬರ್ತೈತೆ!"

ನಿಂಗರಾಜನೂ ನಕ್ಕ. ಗಿಡ್ಡಮ್ಮ ಮರುದಿನ ನನ್ನ ಹತ್ತಿರ ಬಂದು ಕೂತಳು.

"ದ್ಯಾಮಕ್ಕ, ಸಾಯೋ ಭಯ ಇಲ್ಲ ನನಗೆ. ಸುಳ್ಳು ಹೇಳ್ತಾಳೆ ಅಂತಾರಲ್ಲ, ಅದು ತಡಿಯಾಕಾಗಲ್ಲ. ಒಂದು ಚೀಟಿ ಬೇಕು. ಗಿಡ್ಡಮ್ಮಗೆ ಕಾಯಿಲೆ ಐತೆ ಅಂತ ಬರೆದಿರೋ ಚೀಟಿ."

ಅವಳ ಜೊತೆ ಜಗಳೂರಿಗೆ ನಾನೇ ಹೋದೆ. ಡಾಕ್ಟರು ಮತ್ತೆ ರಕ್ತ ಪರೀಕ್ಷೆಗೆ ಬರೆದರು. ಲ್ಯಾಬಿನಲ್ಲಿ ಸಂಧ್ಯಾರಾಣಿ ಎಂಬ ಹುಡುಗಿ ತೋಳಿಗೆ ರಬ್ಬರಿನ ಪಟ್ಟಿ ಕಟ್ಟುತ್ತ ಮಾತಿಗೆಳೆದಳು.

"ಮುಷ್ಟಿ ಹಿಡೀರಮ್ಮ. ಏನು ಕೆಲಸ ಮಾಡ್ತೀರಿ?"

"ಮೇಕೆ ಕಾಯ್ತೀನಿ ಕಣವ್ವ. ಈ ವರ್ಷ ಅವೂ ನನ್ನಂಗೇ ಸೊರಗ್ಯಾವೆ. ಎರಡು ಕಂದು ಹಾಕಿದ್ವು."

ತಿಂಗಳು ತುಂಬದೆ ಸತ್ತ ಮರಿ ಹಾಕುವುದಕ್ಕೆ ನಮ್ಮ ಕಡೆ ಹಾಗನ್ನುತ್ತಾರೆ. ರಕ್ತ ತೆಗೆದ ಹುಡುಗಿ ಸೂಜಿ ಕೆಳಗಿಟ್ಟು ಅವಳ ಮುಖ ನೋಡಿದಳು.

"ಆ ಮರಿ ಎಳೆದೋರು ಯಾರು?"

"ಇನ್ಯಾರು? ಈ ಕೈನೇ."

"ಗ್ಲೌಸ್ ಹಾಕಿರಲಿಲ್ವಾ?"

ಗಿಡ್ಡಮ್ಮನಿಗೆ ನಗು ಬಂತು. "ಮೇಕೆ ಬಾಣಂತನಕ್ಕೆ ಕೈಗೆ ಚೀಲ ಹಾಕ್ಕಂಡು ಕೂರ್ತಾರೇನವ್ವ?"

"ಹಾಲು ಕಾಸಿ ಕುಡೀತೀರಾ?"

"ಮನ್ಯಾಗೆ ಕಾಸ್ತಾರೆ. ನಾನು ಅಡವ್ಯಾಗೇ ಕರೆದು ಕುಡಿತೀನಿ. ಅಲ್ಲಿ ಒಲೆ ಎಲ್ಲೈತೆ?"

ಸಂಧ್ಯಾರಾಣಿ ಡಾಕ್ಟರಿಗೆ ಫೋನು ಮಾಡಿ ಇನ್ನೊಂದು ಪರೀಕ್ಷೆಗೆ ಒಪ್ಪಿಗೆ ಕೇಳಿದಳು. ರಕ್ತವನ್ನು ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಂತ ಹಳದಿ ನೀರಿನ ಒಂದು ಹನಿಯನ್ನು ಬಿಳಿ ಬಿಲ್ಲೆಯ ಮೇಲೆ ಹಾಕಿದಳು. ಪಕ್ಕಕ್ಕೆ ಒಂದು ಹನಿ ಗುಲಾಬಿ ಬಣ್ಣದ ಔಷಧಿ. ಎರಡನ್ನೂ ಕಡ್ಡಿಯಲ್ಲಿ ಕಲಸಿ, ಬಿಲ್ಲೆಯನ್ನು ಮೆಲ್ಲಗೆ ಅತ್ತಿತ್ತ ವಾಲಿಸಿದಳು. ನಾವಿಬ್ಬರೂ ಕತ್ತು ಚಾಚಿ ನೋಡಿದೆವು.

"ಅಯ್ಯೋ, ಹಾಲು ಒಡೆದಂಗಾತಲ್ಲವ್ವ!" ಎಂದಳು ಗಿಡ್ಡಮ್ಮ.

ನಿಜ, ಗುಲಾಬಿ ನೀರು ಸಣ್ಣ ಸಣ್ಣ ಗಂಟಾಗಿತ್ತು. ಕಾಯಿಲೆ ಇಲ್ಲದವರದು ಹೇಗಿರುತ್ತದೆಂದು ಹುಡುಗಿ ಪಕ್ಕದಲ್ಲೇ ಇನ್ನೊಂದು ಹನಿ ಕಲಸಿ ತೋರಿಸಿದಳು. ಅದು ನುಣ್ಣಗೇ ಉಳಿಯಿತು.

"ಇದು ಮೇಕೆಯಿಂದ ಬರೋ ಜ್ವರ ಅಮ್ಮ, ಬ್ರುಸೆಲ್ಲಾ ಅಂತ. ಕ್ರಿಮಿ ಒಳಗೆ ಹೊಕ್ಕರೆ ರಕ್ತ ಅದಕ್ಕೆ ಕಾವಲು ಹಾಕ್ಕಂತೈತೆ. ಈ ಔಷಧಿನಾಗೆ ಅದೇ ಕ್ರಿಮಿ ಸತ್ತಿರೋದು ಐತೆ. ಕಾವಲಿನೋರು ಅದನ್ನ ಕಂಡು ಹಿಡ್ಕಂತಾರೆ, ಹಂಗಾಗಿ ಗಂಟು."

"ಈಗ ನನಗೆ ಜ್ವರ ಇಲ್ವಲ್ಲವ್ವ?"

"ಜ್ವರ ಬಂದ್ರೂ ಹೋದ್ರೂ ಕಾವಲು ಇದ್ದೇ ಇರ್ತೈತೆ."

ಗಿಡ್ಡಮ್ಮ ಬಹಳ ಹೊತ್ತು ಆ ಬಿಲ್ಲೆಯನ್ನೇ ನೋಡಿದಳು. "ಯಾರವ್ವ ಇದನ್ನ ಕಂಡುಹಿಡಿದೋರು?"

"ಯಾರೋ ಹಿಂದಿನ ಕಾಲದೋರು. ನನಗೂ ಹೆಸರು ಗೊತ್ತಿಲ್ಲ."

"ಅವರು ಮೇಕೆ ಕಾಯೋರ ಮಾತು ಕೇಳಿಸ್ಕಂಡಿರಬೇಕು ಬಿಡು."

ಉಳಿದ ರಕ್ತವನ್ನು ದಾವಣಗೆರೆಗೆ ಕಳಿಸಿದರು. ನಾಲ್ಕು ದಿನಕ್ಕೆ ಅಲ್ಲಿಂದಲೂ ಅದೇ ಉತ್ತರ ಬಂತು. ಮತ್ತೆ ಹೋದಾಗ ಡಾಕ್ಟರು ಕಾಯಿಲೆಯ ಹೆಸರು ಬರೆದ ಚೀಟಿ ಕೊಟ್ಟು, ಆರು ವಾರಕ್ಕೆ ಮಾತ್ರೆ ಬರೆದರು. ಹೊರಡುವಾಗ ಸಂಧ್ಯಾರಾಣಿ, "ಒಟ್ಟಿಗೆ ಉಂಡ್ರೆ, ಕೂತ್ರೆ ಇದು ಅಂಟಲ್ಲ, ಹೆದರಬ್ಯಾಡ್ರಿ" ಎಂದಳು. ಗಿಡ್ಡಮ್ಮ ಬಸ್ಸಿನಲ್ಲಿ ಆ ಚೀಟಿಯನ್ನು ಮಡಚದೆ ಎದೆಗೆ ಹಿಡಿದೇ ಬಂದಳು.

ಅರುಣಾ ಚೀಟಿ ಓದಿದಳು. ಅವಳ ಮುಖ ಸಣ್ಣಗಾಯಿತು.

"ತಪ್ಪಾತು ಅಕ್ಕಾ. ಏನೇನೋ ಅಂದುಬಿಟ್ಟೆ, ಮನಸ್ಸಿಗೆ ಹಚ್ಕಬ್ಯಾಡ."

ಗಿಡ್ಡಮ್ಮ ಅತ್ತಳು, ಸಂತೋಷಕ್ಕೆ. ಒಂದು ದಿನ ಆ ಸಂತೋಷ ಇತ್ತು.

ಮರುದಿನ ಅವಳ ತಟ್ಟೆ, ಲೋಟ, ಚಾಪೆ ಜಗಲಿಯ ಮೂಲೆಗೆ ಬಂದವು.

"ಮಗು ಇರೋ ಮನೆ ಅಕ್ಕಾ. ಆರು ವಾರ ಅಷ್ಟೇ."

"ಅಂಟಲ್ಲ ಅಂತ ಲ್ಯಾಬಿನ ಹುಡುಗಿ ಹೇಳ್ಯಾಳೆ ಅರುಣಾ. ದ್ಯಾಮಕ್ಕನ್ನ ಕೇಳು ಬೇಕಾದ್ರೆ."

ನಾನೂ ಹೇಳಿದೆ. ಅರುಣಾ ಚೀಟಿಯನ್ನು ಮತ್ತೆ ತಿರುಗಿಸಿ ನೋಡಿದಳು. "ಇದರಾಗೆ ಹಂಗಂತ ಬರೆದಿಲ್ವಲ್ಲ."

ಪಶುವೈದ್ಯರು ಬಂದು ಮೇಕೆಗಳ ರಕ್ತ ಪರೀಕ್ಷೆ ಮಾಡಿಸಿದರು. ಕಂದು ಹಾಕಿದ ಎರಡಕ್ಕೂ ಅದೇ ಕಾಯಿಲೆ. ಸಾಕುವವರಿಗೆ ಮಾರಬೇಡಿ, ರೋಗ ಅಲ್ಲಿಗೂ ಹೋಗುತ್ತದೆ ಎಂದರು. ಆ ಎರಡನ್ನು ಸಾಯಿಸಿ ಹೂಳಿದರು, ಅದರಲ್ಲಿ ಒಂದು ಕರಿ ಮೇಕೆ. ಉಳಿದವನ್ನು ನಿಂಗರಾಜ ಹೊಡೆದುಕೊಂಡು ಹೋಗತೊಡಗಿದ. ಹಗಲು ಬೈಯುವುದಕ್ಕೆ ಗಿಡ್ಡಮ್ಮನ ಬಳಿ ಮೇಕೆಗಳೂ ಉಳಿಯಲಿಲ್ಲ.

ಒಂದು ಬೆಳಗ್ಗೆ ಯಾರಿಗೂ ಹೇಳದೆ ಜಗಳೂರಿಗೆ ಹೋಗಿ ಬಂದಳು. ಅದೇ ಚೀಟಿ ನನ್ನ ಕೈಗೆ ಕೊಟ್ಟಳು. ಹಿಂಬದಿಯಲ್ಲಿ ಪೆನ್ನಿನಿಂದ ಬರೆದಿತ್ತು. ಅಕ್ಷರ ಕೂಡಿಸಿಕೊಂಡು ಓದಿದೆ: 'ಇವರ ಜೊತೆ ಕೂತು ಊಟ ಮಾಡಬಹುದು. ಏನೂ ಆಗುವುದಿಲ್ಲ.' ಕೆಳಗೆ ಸಂಧ್ಯಾರಾಣಿಯ ಸಹಿ.

ಎರಡನೇ ವಾರಕ್ಕೇ ಜ್ವರ ಬಿಟ್ಟಿತ್ತು. ಆರು ವಾರವೂ ಮುಗಿಯಿತು. "ಇನ್ನೊಂದು ವಾರ ನೋಡೋಣ ಅಕ್ಕಾ" ಎಂದಳು ಅರುಣಾ. ತಟ್ಟೆ ಜಗಲಿಯಲ್ಲೇ ಉಳಿಯಿತು.

"ಚೀಟಿ ತೋರಿಸಿದೆಯೇನೇ?" ಎಂದು ಕೇಳಿದೆ.

ಎಲೆಅಡಿಕೆ ಚೀಲ ಮುಟ್ಟಿ ತೋರಿಸಿದಳು. ಅದರೊಳಗಿತ್ತು.

"ತೋರಿಸಿದ್ರೆ ಒಳಗೆ ಕರೀತಾರೆ ದ್ಯಾಮಕ್ಕ, ಗೊತ್ತೈತೆ. ಮೂವತ್ತೈದು ವರ್ಷ ಇದೇ ಮನ್ಯಾಗೆ ಉಂಡೀನಿ. ಒಂದು ಸಲನಾದ್ರೂ ನನ್ನ ಬಾಯಿಮಾತು ನಂಬಲಿ ಅಂತ ಕಾಯ್ತಾ ಇದೀನಿ."

ಈಗಲೂ ಹೊತ್ತು ಮುಳುಗುವಾಗ ಅವಳು ತಟ್ಟೆ ಮುಂದಿಟ್ಟುಕೊಂಡು ಜಗಲಿಯಲ್ಲಿ ಕೂರುತ್ತಾಳೆ. ಒಳಗಿನಿಂದ ಹುಡುಗಿಯ ದನಿ ಕೇಳುತ್ತದೆ. ಗಿಡ್ಡಮ್ಮ ಅಂಗೈ ಹಿಂಬದಿಯಿಂದ ಹಣೆ ಮುಟ್ಟಿ ನೋಡಿಕೊಳ್ಳುತ್ತಾಳೆ. ತಣ್ಣಗಿರುತ್ತದೆ. ಆಮೇಲೆ ಮುದ್ದೆ ಮುರಿಯುತ್ತಾಳೆ.